ತಂತಿಯ ತುದಿಯಲ್ಲಿ ಒಂದು ವಿಮಾನ

ಜೋಳದ ತೆನೆ ಹಾಲುಗಾಳಿಗೆ ಬಂದಾಗ ಹೊಲದಲ್ಲಿ ಹಕ್ಕಿ ಕಾಯುವವರು ಕವಣೆ ಬೀಸುವುದನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರಬಹುದು. ಕಲ್ಲು ಗಿರ್ರನೆ ತಿರುಗುತ್ತಿರುವಷ್ಟು ಹೊತ್ತೂ ಹಗ್ಗ ಬಿಗಿಯಾಗಿದ್ದು ಕೈಯನ್ನು ಹೊರಕ್ಕೆ ಜಗ್ಗುತ್ತಿರುತ್ತದೆ. ಈಗ ಆ ಕಲ್ಲಿನ ಜಾಗದಲ್ಲಿ ಒಂದು ಪುಟ್ಟ ವಿಮಾನವಿದೆ ಎಂದುಕೊಳ್ಳಿ. ಅದಕ್ಕೆ ತನ್ನದೇ ಎಂಜಿನ್ ಇದೆ, ರೆಕ್ಕೆ ಇದೆ, ಬಾಲವಿದೆ. ಹಗ್ಗದ ಬದಲು ಎರಡು ತೆಳುವಾದ ಉಕ್ಕಿನ ತಂತಿಗಳಿವೆ. ನೀವು ಮೈದಾನದ ನಡುವೆ ಒಂದು ಹಿಡಿಯನ್ನು ಹಿಡಿದು ನಿಂತಿದ್ದೀರಿ. ವಿಮಾನ ನಿಮ್ಮ ಸುತ್ತ ಹಾರುತ್ತಿದೆ. ನೀವು ಮಣಿಕಟ್ಟನ್ನು ಹಿಂದಕ್ಕೆ ಬಾಗಿಸಿದರೆ ಅದು ಏರುತ್ತದೆ, ಮುಂದಕ್ಕೆ ಬಾಗಿಸಿದರೆ ಇಳಿಯುತ್ತದೆ. ಇದೇ ಕಂಟ್ರೋಲ್ ಲೈನ್ ಮಾದರಿ ವಿಮಾನ.

ಮದುವೆ ಮನೆಗಳಲ್ಲಿ ಫೋಟೋ ತೆಗೆಯುವ ಡ್ರೋನ್‌ಗಳನ್ನು ನೀವು ನೋಡಿರುತ್ತೀರಿ. ಅವುಗಳಿಗೆ ಆಜ್ಞೆ ತಲುಪುವುದು ರೇಡಿಯೋ ಅಲೆಗಳ ಮೂಲಕ. ನಾನು ಹೇಳುತ್ತಿರುವ ವಿಮಾನದಲ್ಲಿ ರೇಡಿಯೋ ಇಲ್ಲ. ಅಮೆರಿಕದ ಪೋರ್ಟ್‌ಲೆಂಡ್ ನಗರದ ಜಿಮ್ ವಾಕರ್ ಎಂಬುವರು 1940ರ ಸುಮಾರಿಗೆ ಇಂತಹ ವಿಮಾನದ ಕಿಟ್‌ಗಳನ್ನು ಮಾರಾಟಕ್ಕೆ ತಂದರು. ಆ ಕಾಲದ ರೇಡಿಯೋ ಉಪಕರಣಗಳು ಭಾರವಾಗಿದ್ದವು, ದುಬಾರಿಯೂ ಆಗಿದ್ದವು. ಎರಡು ತಂತಿ ಮತ್ತು ಒಂದು ಹಿಡಿಗೆ ಎಷ್ಟು ಖರ್ಚಾದೀತು? ಹಾಗಾಗಿ ಇದು ಬೇಗನೆ ಹಲವು ದೇಶಗಳಿಗೆ ಹರಡಿತು. ನಮ್ಮ ದೇಶದಲ್ಲಿ ಇದನ್ನು ಬಹಳ ಜನ ಕಲಿತದ್ದು ಎನ್.ಸಿ.ಸಿ.ಯ ಏರ್ ವಿಂಗ್‌ನಲ್ಲಿ. ಅಲ್ಲಿ ಮಾದರಿ ವಿಮಾನ ಕಟ್ಟುವುದು, ಹಾರಿಸುವುದು ತರಬೇತಿಯ ಒಂದು ಭಾಗ.

ನಾನೂ ಕಲಿತದ್ದು ಅಲ್ಲಿಯೇ. 1998ರಲ್ಲಿ, ಬೆಂಗಳೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದಾಗ, ನಾಲ್ಕು ಮಂದಿ ಕೆಡೆಟ್‌ಗಳಿಗೆ ಒಂದು ಎಂಬಂತೆ ಕಿಟ್ ಕೊಟ್ಟರು. ಆ ವರ್ಷಕ್ಕೆ ಅದೊಂದೇ. ಮುರಿದರೆ ಮತ್ತೊಂದು ಬರುವುದಿಲ್ಲ ಎಂದು ನಮ್ಮ ಬೋಧಕರು ಮೊದಲ ದಿನವೇ ಹೇಳಿಬಿಟ್ಟರು. ಏರ್ ವಿಂಗ್ ಕೆಡೆಟ್‌ಗಳಿಗೆಂದು ಅಖಿಲ ಭಾರತ ವಾಯು ಸೈನಿಕ ಶಿಬಿರ ನಡೆಯುತ್ತದೆ. ಅದರಲ್ಲಿ ಮಾದರಿ ವಿಮಾನಗಳ ಸ್ಪರ್ಧೆಯೂ ಇರುತ್ತದೆ. ಅದಕ್ಕೆ ಹೋಗುವವರ ಆಯ್ಕೆಗೆ ಉಳಿದಿದ್ದದ್ದು ಐದು ವಾರ.

ಪೆಟ್ಟಿಗೆ ಬಿಚ್ಚಿದಾಗ ನಮಗೆ ನಿರಾಸೆಯಾಯಿತು. ಮುಚ್ಚಳದ ಮೇಲೆ ಅಂದವಾದ ವಿಮಾನದ ಚಿತ್ರ. ಒಳಗೆ ನೋಡಿದರೆ ಬರೀ ಹಲಗೆಗಳು! ಆರೇಳು ತೆಳುವಾದ ಬಿಳಿ ಹಲಗೆಗಳು, ಒಂದಿಷ್ಟು ಪ್ಲೈವುಡ್ ತುಂಡುಗಳು, ಚಕ್ರಗಳಿಗೆ ಬಗ್ಗಿಸಿದ ಒಂದು ಕಂಬಿ, ಎರಡು ರಬ್ಬರ್ ಚಕ್ರ, ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದ ಒಂದು ಲೋಹದ ತಗಡು, ಮಡಚಿಟ್ಟ ದೊಡ್ಡ ನಕ್ಷೆ. ಆದರೆ ಹಲಗೆಯನ್ನು ಕೈಗೆತ್ತಿಕೊಂಡ ಕೂಡಲೇ ನಿರಾಸೆ ಮರೆತುಹೋಯಿತು. ಮರದ ಹಲಗೆ ಎಂದುಕೊಂಡು ಎತ್ತಿದರೆ ಕೈ ತಾನಾಗಿಯೇ ಮೇಲಕ್ಕೆ ಹಾರಿದಂತಾಯಿತು. ಅಷ್ಟು ಹಗುರ!

ಅದು ಬಾಲ್ಸಾ ಮರ. ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶದಿಂದ ಜಗತ್ತಿಗೆಲ್ಲ ಹೋಗುತ್ತದೆ. ಒಂದು ಘನ ಸೆಂಟಿಮೀಟರ್ ನೀರಿನ ತೂಕ 1 ಗ್ರಾಂ ಎಂಬುದು ನಿಮಗೆ ಗೊತ್ತು. ಅಷ್ಟೇ ಗಾತ್ರದ ತೇಗದ ತುಂಡು ಸುಮಾರು 0.65 ಗ್ರಾಂ ತೂಗುತ್ತದೆ. ಮಾದರಿ ವಿಮಾನಕ್ಕೆ ಬಳಸುವ ಬಾಲ್ಸಾ ತೂಗುವುದು 0.1ರಿಂದ 0.2 ಗ್ರಾಂ ಅಷ್ಟೆ. ಏಕೆ ಗೊತ್ತೇ? ಈ ಮರ ಬಹಳ ಬೇಗ ಬೆಳೆಯುತ್ತದೆ; ಆರರಿಂದ ಹತ್ತು ವರ್ಷಗಳಲ್ಲಿ ಕಡಿಯಲು ಸಿದ್ಧ. ಇದರ ಜೀವಕೋಶಗಳು ದೊಡ್ಡವು, ಅವುಗಳ ಗೋಡೆ ತೆಳು, ಒಳಗೆ ತುಂಬ ನೀರು. ಕಡಿದ ಹಲಗೆಯನ್ನು ಬಿಸಿಗಾಳಿಯ ಗೂಡಿನಲ್ಲಿ ಒಣಗಿಸಿದಾಗ ನೀರು ಹೋಗಿ, ಗಾಳಿ ತುಂಬಿದ ಕೋಣೆಗಳು ಉಳಿಯುತ್ತವೆ. ನಮ್ಮ ಹೊಲದ ಬದುಗಳಲ್ಲಿ ಕೆಂಪು ಹೂ ಬಿಡುವ ಬೂರುಗದ ಮರವನ್ನು ನೋಡಿದ್ದೀರಲ್ಲ? ಬಾಲ್ಸಾ ಅದರ ಹತ್ತಿರದ ನೆಂಟ. ಬೂರುಗದ ಮರವೂ ಹಗುರವೇ. ಬೆಂಕಿಕಡ್ಡಿ ಮಾಡಲು ಬಳಸುತ್ತಾರೆ.

ನಮ್ಮ ನಾಲ್ವರಲ್ಲಿ ಒಬ್ಬಳು ಬಡಗಿಯ ಮಗಳು. ನಾವು ಉಳಿದವರು ನಕ್ಷೆ ಹಿಡಿದು ಚರ್ಚೆ ಮಾಡುತ್ತಿದ್ದರೆ ಅವಳು ಸುಮ್ಮನೆ ಹಲಗೆಗಳನ್ನು ಒಂದೊಂದಾಗಿ ಎತ್ತಿ, ಬೆಳಕಿಗೆ ಹಿಡಿದು, ಉಗುರಿನಿಂದ ಒತ್ತಿ ನೋಡುತ್ತಿದ್ದಳು. ಆಮೇಲೆ ರೆಕ್ಕೆಯ ಎರಡು ಹಲಗೆಗಳನ್ನು ಪಕ್ಕಕ್ಕಿಟ್ಟು, “ಇವೆರಡೂ ಒಂದೇ ಮರದ್ದಲ್ಲ” ಎಂದಳು. ನೋಡಲು ಎರಡೂ ಒಂದೇ ರೀತಿ ಇದ್ದವು. ಭೌತಶಾಸ್ತ್ರ ಪ್ರಯೋಗಾಲಯದ ತಕ್ಕಡಿಯಲ್ಲಿ ಇಟ್ಟಾಗ ಒಂದು 50 ಗ್ರಾಂ, ಇನ್ನೊಂದು 62 ಗ್ರಾಂ! ಅಳತೆ ಮಾತ್ರ ಎರಡಕ್ಕೂ ಒಂದೇ: 45 ಸೆಂ.ಮೀ. ಉದ್ದ, 15 ಸೆಂ.ಮೀ. ಅಗಲ, 6 ಮಿ.ಮೀ. ದಪ್ಪ.

ಒಂದು ರೆಕ್ಕೆ ಭಾರವಾದರೆ ವಿಮಾನ ಆ ಕಡೆಗೆ ವಾಲುವುದಿಲ್ಲವೇ? ಬದಲಿ ಹಲಗೆ ತರಿಸಲು ಸಮಯವಿರಲಿಲ್ಲ. ಭಾರದ ಹಲಗೆಯನ್ನು ಉಜ್ಜಿ ತೆಳು ಮಾಡೋಣ ಎಂದು ಒಬ್ಬ ಹೇಳಿದ. ಹಾಗೆ ಮಾಡಿದರೆ ಎರಡು ರೆಕ್ಕೆಗಳ ಆಕಾರವೇ ಬೇರೆಬೇರೆ ಆಗುತ್ತದೆ ಎಂದು ಬೋಧಕರು ತಲೆಯಾಡಿಸಿದರು. ಆಗ ಅವಳು ನಕ್ಷೆಯ ಒಂದು ಮೂಲೆಯನ್ನು ತೋರಿಸಿ ಕೇಳಿದಳು: “ಸಾರ್, ಬಲ ರೆಕ್ಕೆಯ ತುದಿಗೆ 20 ಗ್ರಾಂ ಸೀಸ ಇಡಿ ಅಂತ ಇಲ್ಲಿ ಬರೆದಿದೆ. ಬಲಗಡೆಗೆ ಹೇಗೂ ಭಾರ ಬೇಕಲ್ಲ. ಭಾರದ ಹಲಗೆಯನ್ನೇ ಬಲಗಡೆಗೆ ಹಾಕಿದರೆ?”

ಬೋಧಕರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಲೆಕ್ಕ ಹಾಕಿ ತೋರಿಸಮ್ಮ” ಎಂದರು.

ಈ ಲೆಕ್ಕವನ್ನು ನೀವೂ ಮಾಡಬಹುದು. ಸನ್ನೆಯ ಪಾಠವನ್ನು, ಇಲ್ಲವೇ ಉದ್ಯಾನದ ಏರಿಳಿ ಹಲಗೆಯನ್ನು ನೆನಪಿಸಿಕೊಳ್ಳಿ. ತೂಕವನ್ನು ದೂರದಿಂದ ಗುಣಿಸಬೇಕು. ಬಲ ರೆಕ್ಕೆಯ ಹೆಚ್ಚುವರಿ ತೂಕ 12 ಗ್ರಾಂ. ಅದು ರೆಕ್ಕೆಯ ಉದ್ದಕ್ಕೂ ಹಂಚಿಕೊಂಡಿದೆ, ಆದ್ದರಿಂದ ರೆಕ್ಕೆಯ ನಡುವಿನಲ್ಲಿ, ಅಂದರೆ ಒಡಲಿನಿಂದ 22.5 ಸೆಂ.ಮೀ. ದೂರದಲ್ಲಿ ಇದೆ ಎಂದು ಭಾವಿಸಬಹುದು. 12 × 22.5 = 270. ಸೀಸ ಇರುವುದು ತುದಿಯಲ್ಲಿ, 45 ಸೆಂ.ಮೀ. ದೂರದಲ್ಲಿ. 270 ÷ 45 = 6. ಅಂದರೆ ತುದಿಯ 6 ಗ್ರಾಂ ಸೀಸ ಮಾಡುವ ಕೆಲಸವನ್ನು ಈ ಭಾರದ ಹಲಗೆಯೇ ಮಾಡುತ್ತದೆ. 20 ಗ್ರಾಂ ಬದಲು 14 ಗ್ರಾಂ ಸೀಸ ಸಾಕು. ದೋಷ ಎಂದುಕೊಂಡದ್ದೇ ಕೆಲಸಕ್ಕೆ ಬಂತು!

ಅದು ಸರಿ, ಬಲ ರೆಕ್ಕೆಗೆ ಭಾರ ಏಕೆ ಬೇಕು? ಈ ವಿಮಾನ ಸಾಮಾನ್ಯವಾಗಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತದೆ. ಆದ್ದರಿಂದ ಎಡ ರೆಕ್ಕೆ ಯಾವಾಗಲೂ ನಮ್ಮ ಕಡೆಗೆ. ತಂತಿಗಳು ಹೊರಬರುವುದು ಎಡ ರೆಕ್ಕೆಯ ತುದಿಯಿಂದ. ತಂತಿಗಳ ತೂಕದ ಒಂದು ಪಾಲು ಆ ರೆಕ್ಕೆಯ ಮೇಲೆ ಬೀಳುತ್ತದೆ. ಬಲಗಡೆ ಸಮದೂಗಿಸದಿದ್ದರೆ ಎಡ ರೆಕ್ಕೆ ಕೆಳಕ್ಕೆ ಬಾಗಿ, ವಿಮಾನ ಒಳಕ್ಕೆ, ನಮ್ಮ ಕಡೆಗೇ ಜಾರುತ್ತದೆ. ಜಾರಿದರೆ ತಂತಿ ಸಡಿಲ. ತಂತಿ ಸಡಿಲವಾದರೆ ಏನಾಗುತ್ತದೆ ಎಂದು ತಿಳಿಯಲು ವಿಮಾನದ ಹೊಟ್ಟೆಯೊಳಗೆ ನೋಡಬೇಕು.

ಆ ‘ಟಿ’ ಆಕಾರದ ತಗಡಿನ ಹೆಸರು ಬೆಲ್ ಕ್ರ್ಯಾಂಕ್. ಅದನ್ನು ರೆಕ್ಕೆಯ ನಡುವೆ ಒಂದು ತಿರುಪಿನ ಮೇಲೆ, ಸಲೀಸಾಗಿ ತಿರುಗುವಂತೆ ಕೂರಿಸುತ್ತಾರೆ. ಅದರ ಎರಡು ತೋಳುಗಳಿಗೆ ಎರಡು ತಂತಿ. ಮೂರನೆಯ ತೋಳಿನಿಂದ ಗಟ್ಟಿಯಾದ ಒಂದು ಕಡ್ಡಿ ಬಾಲದವರೆಗೆ ಹೋಗುತ್ತದೆ. ಬಾಲದ ಹಿಂಬದಿಯಲ್ಲಿ ಬಟ್ಟೆಯ ಕೀಲಿನಿಂದ ಜೋಡಿಸಿದ ಪಟ್ಟಿಯೊಂದಿದೆ. ಅದು ಎಲಿವೇಟರ್. ಹಿಡಿಯ ಮೇಲ್ತುದಿಯನ್ನು ನಿಮ್ಮತ್ತ ಬಾಗಿಸಿದಾಗ ಮೇಲಿನ ತಂತಿ ಎಳೆಯಲ್ಪಟ್ಟು ಬೆಲ್ ಕ್ರ್ಯಾಂಕ್ ತಿರುಗುತ್ತದೆ, ಕಡ್ಡಿ ಸರಿಯುತ್ತದೆ, ಎಲಿವೇಟರ್ ಮೇಲಕ್ಕೆ ಏಳುತ್ತದೆ. ಎದುರಿನಿಂದ ಬರುವ ಗಾಳಿ ಅದಕ್ಕೆ ಬಡಿದು ಬಾಲವನ್ನು ಕೆಳಕ್ಕೆ ಒತ್ತುತ್ತದೆ. ಬಾಲ ಕೆಳಗಾದರೆ ಮೂತಿ ಮೇಲಾಗುತ್ತದೆ, ವಿಮಾನ ಏರುತ್ತದೆ. ಹಿಡಿಯನ್ನು ಆಚೆಗೆ ಬಾಗಿಸಿದರೆ ಎಲ್ಲವೂ ತಿರುಗುಮುರುಗು.

ಇಲ್ಲೊಂದು ಸೂಕ್ಷ್ಮವಿದೆ. ತಂತಿಗೆ ಎಳೆಯಲು ಬರುತ್ತದೆ, ತಳ್ಳಲು ಬರುವುದಿಲ್ಲ. ಎರಡೂ ತಂತಿಗಳು ಬಿಗಿಯಾಗಿದ್ದಾಗ ಮಾತ್ರ ನಿಮ್ಮ ಕೈಯ ಮಾತು ಬಾಲಕ್ಕೆ ತಲುಪುತ್ತದೆ. ಸಡಿಲವಾದರೆ ನೀವು ಹಿಡಿಯನ್ನು ಎಷ್ಟು ಆಡಿಸಿದರೂ ವಿಮಾನಕ್ಕೆ ಕೇಳಿಸದು! ಈ ಬಿಗಿತವನ್ನು ಕಾಪಾಡುವುದಕ್ಕೇ ಇಡೀ ವಿಮಾನದ ರಚನೆ ಇದೆ ಎಂದರೂ ತಪ್ಪಿಲ್ಲ. ಬಲ ರೆಕ್ಕೆಯ ಸೀಸ ಅದಕ್ಕಾಗಿ. ಎಂಜಿನ್ನಿನ ಮೂತಿಯನ್ನು ಒಂದೆರಡು ಡಿಗ್ರಿ ಹೊರಕ್ಕೆ ತಿರುಗಿಸಿ ಕೂರಿಸುವುದು ಅದಕ್ಕಾಗಿ. ಬಾಲದ ನೇರ ರೆಕ್ಕೆಯನ್ನು ಹೊರಕ್ಕೆ ಸ್ವಲ್ಪ ಬಗ್ಗಿಸುವುದೂ ಅದಕ್ಕಾಗಿಯೇ. ವಿಮಾನ ಯಾವಾಗಲೂ ನಮ್ಮಿಂದ ದೂರ ಓಡಲು ಯತ್ನಿಸುತ್ತಿರಬೇಕು, ನಾವು ಅದನ್ನು ಹಿಡಿದಿಟ್ಟುಕೊಂಡಿರಬೇಕು.

ಕಟ್ಟಲು ನಾಲ್ಕು ವಾರ ಹಿಡಿಯಿತು. ಅಂಟು ಹಚ್ಚುವುದಕ್ಕಿಂತ ಅದು ಒಣಗಲು ಕಾಯುವುದೇ ಹೆಚ್ಚು. ರೆಕ್ಕೆಯ ಮುಂಚೂಣಿಯನ್ನು ದುಂಡಾಗಿ, ಹಿಂಚೂಣಿಯನ್ನು ತೆಳ್ಳಗೆ ಉಜ್ಜುವ ಕೆಲಸವನ್ನು ಗೆಳತಿ ಬೇರೆ ಯಾರಿಗೂ ಬಿಡಲಿಲ್ಲ. ಸ್ಯಾಂಡ್ ಪೇಪರನ್ನು ಮರದ ತುಂಡಿಗೆ ಸುತ್ತಿ, ಮರದ ಎಳೆ ಹೋದ ದಿಕ್ಕಿನಲ್ಲೇ ಉಜ್ಜಬೇಕು ಎಂದು ಅವಳೇ ನಮಗೆ ಕಲಿಸಿದ್ದು. ಅವಳ ತಂದೆಯಿಂದ ಕಲಿತದ್ದಂತೆ. ಕೊನೆಗೆ ಎರಡು ಬೆರಳುಗಳ ಮೇಲೆ ವಿಮಾನವನ್ನು ಇಟ್ಟು ಗುರುತ್ವ ಕೇಂದ್ರವನ್ನು ಪರೀಕ್ಷಿಸಿದೆವು. ರೆಕ್ಕೆಯ ಮುಂಚೂಣಿಯಿಂದ ಹಿಂದಕ್ಕೆ ಅಗಲದ ಕಾಲುಭಾಗದಷ್ಟು ದೂರದಲ್ಲಿ ಸಮವಾಗಿ ನಿಂತರೆ ಒಳ್ಳೆಯದು. ಬಾಲ ಭಾರವಾದ ವಿಮಾನ ಹುಚ್ಚು ಕರುವಿನಂತೆ ಕುಣಿಯುತ್ತದೆ.

ಎಂಜಿನ್ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ. ಅದು 2.5 ಸಿಸಿಯ ಪುಟ್ಟ ಡೀಸೆಲ್ ಎಂಜಿನ್, ಮುಷ್ಟಿಯೊಳಗೆ ಹಿಡಿಸುವಂಥದ್ದು. ಹೆಸರು ಡೀಸೆಲ್ ಆದರೂ ಕುಡಿಯುವುದು ಸೀಮೆಎಣ್ಣೆ, ಈಥರ್ ಮತ್ತು ಹರಳೆಣ್ಣೆಯ ಮಿಶ್ರಣ. ಕಿಡಿ ಹೊತ್ತಿಸುವ ಪ್ಲಗ್ ಇಲ್ಲ. ಗಾಳಿಯನ್ನು ಜೋರಾಗಿ ಒತ್ತಿದಾಗ ಅದು ಬಿಸಿಯಾಗುತ್ತದೆಯಲ್ಲ, ಸೈಕಲ್ ಪಂಪಿನ ಬುಡ ಬಿಸಿಯಾಗುವ ಹಾಗೆ. ಆ ಬಿಸಿಗೇ ಇಂಧನ ಹೊತ್ತಿಕೊಳ್ಳುತ್ತದೆ. ಇನ್ನೊಂದು ಸಂಗತಿ: ನಮ್ಮ ವಿಮಾನದಲ್ಲಿ ಎಂಜಿನ್ ನಿಲ್ಲಿಸುವ ಉಪಾಯವೇ ಇರಲಿಲ್ಲ. ಟ್ಯಾಂಕಿನ ಇಂಧನ ಮುಗಿಯಬೇಕು, ಅದೇ ನಿಲ್ಲಬೇಕು. ಸುಮಾರು 3 ನಿಮಿಷ. ಅಷ್ಟು ಹೊತ್ತು, ಸಾಕೆನಿಸಿದರೂ ಬೇಡವೆನಿಸಿದರೂ ಹಾರಿಸುತ್ತಲೇ ಇರಬೇಕು. ಈಗ ಬ್ಯಾಟರಿ ಮತ್ತು ವಿದ್ಯುತ್ ಮೋಟಾರ್ ಇರುವ ಕಂಟ್ರೋಲ್ ಲೈನ್ ವಿಮಾನಗಳಿವೆ. ಅವು ಗದ್ದಲ ಮಾಡುವುದಿಲ್ಲ, ಬಟ್ಟೆಗೆ ಎಣ್ಣೆ ಹಾರಿಸುವುದಿಲ್ಲ. ನನಗೇನೋ ಆ ಹರಳೆಣ್ಣೆಯ ವಾಸನೆಯೇ ಇಷ್ಟ.

ಹಾರಿಸುವ ದಿನ ಬೋಧಕರು ಮೊದಲು ನೋಡಿದ್ದು ವಿಮಾನವನ್ನಲ್ಲ, ಮೈದಾನವನ್ನು. ಒಂದು ಅಂಚಿನಲ್ಲಿ ವಿದ್ಯುತ್ ತಂತಿ ಹಾದುಹೋಗಿತ್ತು. ನಮ್ಮ ತಂತಿಗಳ ಉದ್ದ 15 ಮೀಟರ್, ಅವು ಉಕ್ಕಿನವು, ಅವುಗಳ ತುದಿ ನಮ್ಮ ಕೈಯಲ್ಲಿ. ಅಪಾಯ ಏನೆಂದು ಹೇಳಬೇಕಾಗಿಲ್ಲ. ವಿದ್ಯುತ್ ತಂತಿಗೆ ತಗಲದಿದ್ದರೂ, ತೀರಾ ಹತ್ತಿರ ಹೋದರೇ ಸಾಕು. ಅವರು ವೃತ್ತದ ಕೇಂದ್ರವನ್ನು ಮೈದಾನದ ಇನ್ನೊಂದು ತುದಿಗೆ ಸರಿಸಿದರು. ಆಮೇಲೆ ಎಳೆತದ ಪರೀಕ್ಷೆ. ಒಬ್ಬರು ವಿಮಾನ ಹಿಡಿದುಕೊಂಡರು, ಇನ್ನೊಬ್ಬರು ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಹಿಡಿಯನ್ನು ಎಳೆದರು. ವಿಮಾನದ ತೂಕ 600 ಗ್ರಾಂ. ಅದರ ಹತ್ತು ಪಟ್ಟು, ಅಂದರೆ 6 ಕಿಲೋ ಎಳೆತಕ್ಕೆ ಎಲ್ಲ ಗಂಟುಗಳೂ ತಡೆಯಬೇಕು ಎಂಬುದು ಅವರ ನಿಯಮ. ಹಿಡಿಯಿಂದ ಮಣಿಕಟ್ಟಿಗೆ ಒಂದು ಗಟ್ಟಿ ದಾರದ ಕುಣಿಕೆ. ಕೈ ಜಾರಿದರೂ ವಿಮಾನ ಹಾರಿಹೋಗಿ ಯಾರಿಗೂ ಬಡಿಯಬಾರದು.

ಹತ್ತು ಪಟ್ಟು ಅತಿಯಾಯಿತೇನೋ ಎನಿಸಿತು ನನಗೆ. ಆದರೆ ಹಾರಾಟದಲ್ಲಿ ನಿಜವಾದ ಎಳೆತ ಎಷ್ಟು ಎಂದು ನೋಡಿ. ವೃತ್ತದ ತ್ರಿಜ್ಯ 15 ಮೀಟರ್ ಆದರೆ ಪರಿಧಿ 2 × 3.14 × 15, ಸುಮಾರು 94 ಮೀಟರ್. ಒಂದು ಸುತ್ತಿಗೆ 5 ಸೆಕೆಂಡು ಬೇಕಾಗುತ್ತಿತ್ತು. ಹಾಗಾದರೆ ವೇಗ ಸೆಕೆಂಡಿಗೆ ಸುಮಾರು 19 ಮೀಟರ್, ಅಂದರೆ ಗಂಟೆಗೆ 68 ಕಿ.ಮೀ.! ವಸ್ತುವನ್ನು ವೃತ್ತದಲ್ಲಿ ಸುತ್ತಿಸಲು ಬೇಕಾದ ಎಳೆತವನ್ನು ಕಂಡುಹಿಡಿಯಲು ವೇಗವನ್ನು ವೇಗದಿಂದಲೇ ಗುಣಿಸಿ, ದ್ರವ್ಯರಾಶಿಯಿಂದ ಗುಣಿಸಿ, ತ್ರಿಜ್ಯದಿಂದ ಭಾಗಿಸಬೇಕು. ಉತ್ತರ ಸುಮಾರು 14 ನ್ಯೂಟನ್. ಒಂದೂವರೆ ಲೀಟರ್ ನೀರಿನ ಬಾಟಲಿಯನ್ನು ಎತ್ತಿ ಹಿಡಿಯುವಷ್ಟು ಬಲ. ವೇಗ ಎರಡರಷ್ಟಾದರೆ ಎಳೆತ ಎರಡರಷ್ಟಲ್ಲ, ನಾಲ್ಕರಷ್ಟು! ಅಂತರರಾಷ್ಟ್ರೀಯ ವೇಗ ಸ್ಪರ್ಧೆಗಳಲ್ಲಿ ಈ ಬಗೆಯ ವಿಮಾನಗಳು ಗಂಟೆಗೆ ಸುಮಾರು 300 ಕಿ.ಮೀ. ವೇಗದಲ್ಲಿ ಸುತ್ತುತ್ತವೆ. ಅಲ್ಲಿ ಹಾರಿಸುವವರು ತಮ್ಮ ಕೈಯನ್ನು ಮೈದಾನದ ನಡುವೆ ನೆಟ್ಟ ಕಂಬದ ಕವಲಿನಲ್ಲಿ ಇಟ್ಟುಕೊಂಡೇ ಹಾರಿಸಬೇಕು.

ಬೋಧಕರು ಮೊದಲು ತಾವು ಹಾರಿಸಿ ನೋಡಿದರು. ಆಮೇಲೆ ಒಬ್ಬೊಬ್ಬರನ್ನೇ ಕರೆದು, ಹಿಂದೆ ನಿಂತು, ನಮ್ಮ ಮುಷ್ಟಿಯ ಮೇಲೆ ತಮ್ಮ ಮುಷ್ಟಿ ಇಟ್ಟು ಕಲಿಸಿದರು. ನಾಲ್ಕನೆಯ ದಿನ ನನ್ನನ್ನು ಒಬ್ಬನೇ ಬಿಟ್ಟರು. ಗೆಳತಿ ವಿಮಾನ ಹಿಡಿದು ಮಂಡಿಯೂರಿದ್ದಳು. ನಾನು ತಲೆಯಾಡಿಸಿದೆ, ಅವಳು ಬಿಟ್ಟಳು. ಏಳೆಂಟು ಮೀಟರ್ ಹುಲ್ಲಿನ ಮೇಲೆ ಓಡಿ ಚಕ್ರಗಳು ಮೇಲೆದ್ದವು, ಮರುಕ್ಷಣವೇ ಕೈಯಲ್ಲಿ ಜೀವ ಬಂದಂತಾಯಿತು. ಯಾರೋ ತಂತಿಯ ಆ ತುದಿಯಲ್ಲಿ ನಿಂತು ಜಗ್ಗುತ್ತಿದ್ದಾರೆ ಎನ್ನುವ ಹಾಗೆ. ತಲೆ ತಿರುಗುವುದಿಲ್ಲವೇ ಎಂದು ಶಾಲೆಗಳಲ್ಲಿ ಮಕ್ಕಳು ಕೇಳುತ್ತಾರೆ. ವಿಮಾನವನ್ನೇ ನೋಡುತ್ತಿದ್ದರೆ ಅಷ್ಟಾಗಿ ತಿರುಗುವುದಿಲ್ಲ. ಅದರ ಹಿಂದೆ ಓಡುವ ಮರ, ಕಟ್ಟಡಗಳನ್ನು ನೋಡಿದಿರೋ, ಕೆಟ್ಟಿರಿ.

ಹತ್ತು ಸುತ್ತು ಸುಗಮವಾಗಿ ನಡೆಯಿತು. ಅಷ್ಟರಲ್ಲಿ ಗಾಳಿ ಎದ್ದಿತು. ವಿಮಾನ ಗಾಳಿ ಬೀಸಿಬರುವ ಕಡೆಗೆ ಬಂದಾಗಲೆಲ್ಲ ಗಾಳಿ ಅದನ್ನು ಹೊರಗಿನಿಂದ ಒಳಕ್ಕೆ, ನನ್ನತ್ತ ತಳ್ಳುತ್ತದೆ. ಒಂದು ಸುತ್ತಿನಲ್ಲಿ ಕೈಯ ಎಳೆತ ಇದ್ದಕ್ಕಿದ್ದಂತೆ ಮಾಯವಾಯಿತು. ಕಣ್ಣಿಗೆ ಇನ್ನೂ ಏನೂ ಕಂಡಿರಲಿಲ್ಲ, ವಿಮಾನ ನೆಟ್ಟಗೇ ಇತ್ತು. ಆದರೆ ಕೈಗೆ ಗೊತ್ತಾಯಿತು. ಐದು ಮೀಟರ್ ಎತ್ತರದಲ್ಲಿ ನಮ್ಮ ನಾಲ್ಕು ವಾರದ ಕೆಲಸ, ನಾಲ್ವರ ಶಿಬಿರ, ಎಲ್ಲವೂ ಯಾರ ಮಾತನ್ನೂ ಕೇಳದೆ ಹೋಗುತ್ತಿತ್ತು. ಬೋಧಕರು ಹೇಳಿಕೊಟ್ಟಿದ್ದರು: ಎಳೆತ ಹೋದರೆ ಹಿಡಿಯನ್ನು ಆಡಿಸಬೇಡ, ಕಾಲನ್ನು ಆಡಿಸು. ನಾನು ಹಿಂದಕ್ಕೆ ಓಡಿದೆ, ಮೂರು ಹೆಜ್ಜೆ, ನಾಲ್ಕು ಹೆಜ್ಜೆ. ಟಣ್ ಎಂದು ತಂತಿ ಬಿಗಿಯಾಯಿತು. ಬಲ ರೆಕ್ಕೆ ಸ್ವಲ್ಪ ಕೆಳಗಾಗಿ ವಿಮಾನ ಹೊರಕ್ಕೆ ವಾಲಿತು, ಎಲಿವೇಟರ್ ಮತ್ತೆ ನನ್ನದಾಯಿತು. ಆ 62 ಗ್ರಾಂ ಹಲಗೆಯೂ ತನ್ನ ಪಾಲಿನ ಕೆಲಸ ಮಾಡಿತು ಎಂದು ಗೆಳತಿ ಆಮೇಲೆ ಎಷ್ಟೋ ದಿನ ಹೇಳುತ್ತಿದ್ದಳು. ಉಳಿದ ಇಪ್ಪತ್ತೈದು ಸುತ್ತುಗಳನ್ನೂ ನಾನು ಗಾಳಿಯ ಕಡೆ ಬಂದಾಗಲೆಲ್ಲ ಒಂದು ಹೆಜ್ಜೆ ಹಿಂದೆ ಸರಿಯುತ್ತಲೇ ಹಾರಿಸಿದೆ. ಎಂಜಿನ್ ಕೆಮ್ಮಿ ನಿಂತಿತು, ಪ್ರೊಪೆಲರ್ ನಿಶ್ಶಬ್ದವಾಯಿತು, ವಿಮಾನ ಅರ್ಧ ಸುತ್ತು ತೇಲಿ ಹುಲ್ಲಿಗೆ ಇಳಿಯಿತು.

ಶಿಬಿರಕ್ಕೆ ಆಯ್ಕೆಯಾದದ್ದು ಗೆಳತಿ. ನಮ್ಮ ನಾಲ್ವರಲ್ಲಿ ಅವಳ ಕೈಯೇ ಹಗುರ.

ಡ್ರೋನ್ ಹಾರಿಸುವವರನ್ನು ನಾನು ಹಳಿಯುವುದಿಲ್ಲ. ಆದರೆ ಅವರ ಬೆರಳಿಗೆ ಗಾಳಿಯ ಸುದ್ದಿ ಬರುವುದಿಲ್ಲ, ಕಣ್ಣಿನಿಂದಲೇ ತಿಳಿಯಬೇಕು. ತಂತಿಯಾದರೋ ವಿಮಾನವನ್ನು ಹಿಡಿದಿಡುತ್ತದೆ, ಆಜ್ಞೆ ಒಯ್ಯುತ್ತದೆ, ಅಲ್ಲಿಂದ ಸುದ್ದಿಯನ್ನೂ ತರುತ್ತದೆ. ಮಕ್ಕಳ ಕೈಗೆ ಮೊದಲು ಸಿಗಬೇಕಾದದ್ದು ಇದು ಎಂದು ನನ್ನ ಅನಿಸಿಕೆ.

ಎಂಜಿನ್ ಇರುವ ವಿಮಾನವನ್ನು ತರಬೇತಿ ಪಡೆದ ಹಿರಿಯರಿಲ್ಲದೆ ಮುಟ್ಟಬೇಡಿ. ತಿರುಗುವ ಪ್ರೊಪೆಲರ್ ಬೆರಳು ಕತ್ತರಿಸಬಲ್ಲದು. ಆದರೆ ಎಂಜಿನ್ ಇಲ್ಲದ್ದನ್ನು ನೀವು ಇಂದೇ ಮಾಡಬಹುದು. ಹಳೆಯ ನೋಟ್‌ಬುಕ್ಕಿನ ರಟ್ಟಿನಿಂದ 24 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲದ ರೆಕ್ಕೆ ಕತ್ತರಿಸಿ. 20 ಸೆಂ.ಮೀ. ಬಿದಿರು ಕಡ್ಡಿಯೇ ಒಡಲು. ಬಾಲಕ್ಕೆ 8 ಸೆಂ.ಮೀ. ಉದ್ದದ ರಟ್ಟು. ಅದರ ಹಿಂಚೂಣಿ ಬಗ್ಗುವಂತೆ ಗೀರಿ. ಮೂತಿಗೆ ಜೇಡಿಮಣ್ಣು ಮೆತ್ತಿ, ರೆಕ್ಕೆಯ ಮುಂಚೂಣಿಯ ಹತ್ತಿರವೇ ಸಮತೂಕ ಬರುವಂತೆ ಮಾಡಿ. ಎಡ ರೆಕ್ಕೆಯ ತುದಿಯಲ್ಲಿ, ಸಮತೂಕದ ಗೆರೆಗಿಂತ ತುಸು ಹಿಂದೆ ತೂತು ಮಾಡಿ 3 ಮೀಟರ್ ಗಟ್ಟಿ ದಾರ ಕಟ್ಟಿ. ದಾರದ ಇನ್ನೊಂದು ತುದಿಯನ್ನು ಒಂದು ಕೋಲಿಗೆ ಕಟ್ಟಿ, ಬಯಲಿನಲ್ಲಿ, ವಿದ್ಯುತ್ ತಂತಿಗಳಿಂದ ದೂರದಲ್ಲಿ, ಯಾರೂ ವೃತ್ತದೊಳಗೆ ಬಾರದಂತೆ ನೋಡಿಕೊಂಡು ತಿರುಗಿಸಿ. ಬಾಲದ ಅಂಚನ್ನು ಮೇಲಕ್ಕೆ ಬಗ್ಗಿಸಿ ಒಮ್ಮೆ, ಕೆಳಕ್ಕೆ ಬಗ್ಗಿಸಿ ಒಮ್ಮೆ ಹಾರಿಸಿ ನೋಡಿ. ಬಲ ರೆಕ್ಕೆಯ ತುದಿಗೆ ಚಿಟಿಕೆ ಮಣ್ಣು ಅಂಟಿಸಿ ನೋಡಿ, ತೆಗೆದು ನೋಡಿ. ಹತ್ತು ಸುತ್ತಿಗೆ ಎಷ್ಟು ಸೆಕೆಂಡು ಎಂದು ಗೆಳೆಯರು ಎಣಿಸಲಿ. ವೇಗವನ್ನು ನೀವೇ ಲೆಕ್ಕ ಹಾಕಿ.

ಹೀಗೆ ಹಾರಿಸುತ್ತಿದ್ದಾಗ ಏಳನೆಯ ತರಗತಿಯ ಒಬ್ಬ ಹುಡುಗಿ ನನ್ನನ್ನು ಕೇಳಿದ ಪ್ರಶ್ನೆ ಇದು: “ದಾರವನ್ನು ಎರಡರಷ್ಟು ಉದ್ದ ಮಾಡಿದರೆ ಎಳೆತ ಹೆಚ್ಚಾಗುತ್ತದೋ, ಕಡಿಮೆಯಾಗುತ್ತದೋ?” ಮೇಲಿನ ಲೆಕ್ಕವನ್ನು ಎರಡು ಸಲ ಮಾಡಿ ನೋಡಿ. ಒಮ್ಮೆ ವಿಮಾನದ ವೇಗ ಬದಲಾಗಲಿಲ್ಲ ಎಂದುಕೊಂಡು, ಇನ್ನೊಮ್ಮೆ ಒಂದು ಸುತ್ತಿಗೆ ಹಿಡಿಯುವ ಸಮಯ ಬದಲಾಗಲಿಲ್ಲ ಎಂದುಕೊಂಡು. ಎರಡು ಬೇರೆಬೇರೆ ಉತ್ತರ ಬರುತ್ತವೆ. ಹಳೆಯ ಬಾಲ್ ಪೆನ್ನಿನ ಖಾಲಿ ಕೊಳವೆಯೊಳಗೆ ದಾರ ಪೋಣಿಸಿ, ಮೇಲ್ತುದಿಗೆ ಒಂದು ರಬ್ಬರ್ ತುಂಡು, ಕೆಳತುದಿಗೆ ನಾಲ್ಕಾರು ನಟ್ಟುಗಳನ್ನು ಕಟ್ಟಿ ತಲೆಯ ಮೇಲೆ ತಿರುಗಿಸಿದರೆ ಎರಡೂ ಉತ್ತರಗಳನ್ನು ಪರೀಕ್ಷಿಸಬಹುದು.